ಮೇಲ್ ಬಂದರೆ ಡೈರಿಗೆ, ಇಲ್ಲವೇ ಫೈಲಿಗೆ: ಮಲೆನಾಡಿನ ವಕೀಲರ ಚೇಂಬರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಜುಲೈ. ಶಿವಮೊಗ್ಗದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕೋರ್ಟು ಮುಗಿಸಿ ಚೇಂಬರಿಗೆ ಬಂದು ಕೊಡೆ ಮಡಚುವಷ್ಟರಲ್ಲಿ ಬೆಂಗಳೂರಿನ ಸೀನಿಯರ್ ಫೋನ್ ಮಾಡಿದರು. "ಆ ಅಪೀಲಿಗೆ ಸಾಕ್ಷಿ ಹೇಳಿಕೆಗಳನ್ನು ಕಳಿಸಿ ಅಂತ ಮೇಲ್ ಹಾಕಿ ಹನ್ನೆರಡು ದಿನ ಆಯ್ತಲ್ಲ, ಲಿಮಿಟೇಶನ್ ಯಾವತ್ತಿಗೆ ಮುಗಿಯುತ್ತೆ ನೋಡಿದೀರಾ?" ಮೇಲ್ ಬಂದಿತ್ತು, ನಾನು ಓದಿಯೂ ಇದ್ದೆ. ಬೆಳಿಗ್ಗೆ ಕೋರ್ಟಿಗೆ ಹೊರಡುವಾಗ ಫೋನಿನಲ್ಲಿ ಓದಿ, ಸಂಜೆ ನೋಡೋಣ ಅಂದುಕೊಂಡವನು ಆಮೇಲೆ ಮರೆತಿದ್ದೆ. ಅಪೀಲು ಹಾಕಲು ಕಾನೂನು ಕೊಟ್ಟ ಅವಧಿಯಲ್ಲಿ ಉಳಿದಿದ್ದು ನಾಲ್ಕು ದಿನ. ಆ ರಾತ್ರಿ ಗುಮಾಸ್ತರು, ಜೂನಿಯರ್, ನಾನು ಮೂವರೂ ಕೂತು ಸ್ಕ್ಯಾನ್ ಮಾಡಿ ಕಳಿಸಿದೆವು. ಅಪೀಲು ಅವಧಿಯೊಳಗೆ ದಾಖಲಾಯಿತು. ಆದರೆ ಹೊಸನಗರ ತಾಲ್ಲೂಕಿನ ಒಂದು ಮನೆಯವರ ಎರಡು ಎಕರೆ ಅಡಿಕೆ ತೋಟದ ಹಣೆಬರಹ ನನ್ನ ಇನ್‌ಬಾಕ್ಸಿನಲ್ಲಿ ಹನ್ನೆರಡು ದಿನ ಹೂತು ಕೂತಿತ್ತು ಎನ್ನುವುದು ಬಹಳ ದಿನ ನನ್ನನ್ನು ಕಾಡಿತು.

ಅವತ್ತಿನಿಂದ ಚೇಂಬರಿನಲ್ಲಿ ಒಂದೇ ನಿಯಮ. ಬಂದ ಪ್ರತಿಯೊಂದು ಮೇಲೂ ಎರಡರಲ್ಲಿ ಒಂದು ಕಡೆ ಸೇರಬೇಕು: ಅದರಲ್ಲಿ ತಾರೀಖು ಇದ್ದರೆ ಡೈರಿಗೆ, ಕಾಗದ ಇದ್ದರೆ ಕೇಸಿನ ಫೈಲಿಗೆ. ಎರಡೂ ಇದ್ದರೆ ಎರಡೂ ಕಡೆಗೆ. ಯಾವುದೂ ಇಲ್ಲದಿದ್ದರೆ ಅಳಿಸಬೇಕು. ಇನ್‌ಬಾಕ್ಸ್ ಎಂಬುದು ಅಂಚೆಯವ ಕಾಗದ ಹಾಕಿ ಹೋಗುವ ಜಗುಲಿ. ಜಗುಲಿಯಲ್ಲಿ ಯಾರೂ ದಸ್ತಾವೇಜು ಇಟ್ಟುಕೊಳ್ಳುವುದಿಲ್ಲ.

ಇಬ್ಬರು ಮೂವರು ಇರುವ ಸಣ್ಣ ಚೇಂಬರಿನಲ್ಲಿ, ಕರೆಂಟು ಹೋಗಿ ಬರುವ ಊರಿನಲ್ಲಿ, ಹೆಚ್ಚು ಖರ್ಚಿಲ್ಲದೆ ಇದನ್ನು ನಡೆಸುವುದು ಹೇಗೆ ಎಂದು ನಾನು ಮಾಡಿ ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ವಿಳಾಸ ಬೇರೆ ಮಾಡಿ

ಮನೆಯ ಕರೆಂಟು ಬಿಲ್ಲು, ಮಕ್ಕಳ ಶಾಲೆಯ ಸೂಚನೆ, ಕಕ್ಷಿದಾರರ ವಿಚ್ಛೇದನದ ಅರ್ಜಿ ಎಲ್ಲವೂ ಒಂದೇ ವಿಳಾಸಕ್ಕೆ ಬರುತ್ತಿದ್ದರೆ ಇವತ್ತೇ ನಿಲ್ಲಿಸಿ. ಚೇಂಬರಿಗೆಂದೇ ಒಂದು ವಿಳಾಸ ತೆರೆಯಿರಿ. ಅದನ್ನೇ ಇ-ಫೈಲಿಂಗ್ ಖಾತೆಗೆ, ನ್ಯಾಯಾಲಯದ ಕಂಪ್ಯೂಟರ್ ವಿಭಾಗದಲ್ಲಿರುವ ನಿಮ್ಮ ನೋಂದಣಿಗೆ, ವಕಾಲತ್ತಿನ ಕೆಳಗೆ, ಲೆಟರ್‌ಹೆಡ್ಡಿಗೆ ಕೊಡಿ. ನಿಮ್ಮ ಮೊಬೈಲ್ ಸಂಖ್ಯೆ ಮತ್ತು ಮೇಲ್ ವಿಳಾಸ ನ್ಯಾಯಾಲಯದ ದಾಖಲೆಯಲ್ಲಿ ಸರಿಯಾಗಿದ್ದರೆ ಮುಂದಿನ ತಾರೀಖಿನ ಸೂಚನೆ ತಾನಾಗಿಯೇ ಬರುವ ವ್ಯವಸ್ಥೆ ನ್ಯಾಯಾಲಯಗಳ ಕಂಪ್ಯೂಟರ್ ಜಾಲವಾದ ಇ-ಕೋರ್ಟ್ಸ್‌ನಲ್ಲಿದೆ. ಹಳೆಯ ಸಂಖ್ಯೆ ಉಳಿದುಹೋಗಿದ್ದರೆ ಆ ಸೂಚನೆ ನಿಮಗೆ ಸಿಗುವುದಿಲ್ಲ. ಗುಮಾಸ್ತರನ್ನು ಕಳಿಸಿ ಒಮ್ಮೆ ನೋಡಿಸಿಕೊಳ್ಳುವುದು ಅರ್ಧ ದಿನದ ಕೆಲಸ.

ಖಾತೆಗೆ ಎರಡು ಹಂತದ ಭದ್ರತೆ ಹಾಕಿ. ಜಿಮೇಲ್ ಆದರೆ ಅದು ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಆಗುಂಬೆ ಕಡೆ ಹೋದಾಗ ಫೋನು ನೀರಿಗೆ ಬಿದ್ದರೆ ಚೇಂಬರಿನ ಮೇಲ್ ತೆರೆಯುವುದು ಆ ಕಾಗದದಿಂದಲೇ.

ಮೇಲಿನ ಕೆಳಗೆ ತಾನಾಗಿ ಬರುವ ಸಹಿಯಲ್ಲಿ ಹೆಸರು, ವಕೀಲರು ಎಂಬ ಪದ, ವಿಳಾಸ, ದೂರವಾಣಿ ಇಷ್ಟು ಸಾಕು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ನಾಮಫಲಕದಲ್ಲೂ ಲೆಟರ್‌ಹೆಡ್ಡಿನಲ್ಲೂ ಸಂಘದ ಪದವಿ, ಇಂಥದ್ದರಲ್ಲಿ ಪರಿಣತ ಎಂಬ ಮಾತು ಬೇಡ ಎನ್ನುತ್ತದೆ. ಮೇಲ್ ಸಹಿಗೂ ಅದೇ ಮರ್ಯಾದೆ ಒಪ್ಪುತ್ತದೆ ಎಂಬುದು ನನ್ನ ತಿಳಿವಳಿಕೆ.

ದಿನಕ್ಕೆ ಎರಡು ಸಲ, ಕೂತು

ಫೋನಿನಲ್ಲಿ ನಡೆಯುತ್ತಾ ಮೇಲ್ ಓದುವುದನ್ನು ಬಿಟ್ಟಿದ್ದೇ ನನಗೆ ದೊಡ್ಡ ಲಾಭ. ಓದಿದ ಕೂಡಲೇ ಮೇಲು ತನ್ನ ದಪ್ಪ ಅಕ್ಷರ ಕಳೆದುಕೊಂಡು ಓದಿದ್ದರ ಗುಂಪಿಗೆ ಸೇರುತ್ತದೆ. ಮನಸ್ಸೂ ಅದನ್ನು ಮುಗಿದ ಕೆಲಸ ಎಂದು ಎಣಿಸಿಬಿಡುತ್ತದೆ. ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುನ್ನ ಇಪ್ಪತ್ತು ನಿಮಿಷ, ಸಂಜೆ ಡೈರಿ ಬರೆಯುವಾಗ ಅರ್ಧ ಗಂಟೆ. ಎರಡೂ ಸಲ ಕಂಪ್ಯೂಟರಿನ ಮುಂದೆ, ಪಕ್ಕದಲ್ಲಿ ಡೈರಿ ತೆರೆದಿಟ್ಟುಕೊಂಡು. ನಡುವೆ ಜರೂರು ಇದ್ದವರು ಫೋನ್ ಮಾಡುತ್ತಾರೆ.

ಕೂತಾಗ ಮಾಡಬೇಕಾದ್ದು ಇಷ್ಟು. ಮೇಲ್ ತೆರೆಯಿರಿ. ತಾರೀಖು ಇದೆಯೇ? ಮೊದಲು ಡೈರಿಗೆ ಬರೆಯಿರಿ. ಲಗತ್ತು ಇದೆಯೇ? ಹೆಸರು ಬದಲಿಸಿ ಕೇಸಿನ ಫೋಲ್ಡರಿಗೆ ಇಳಿಸಿ. ಎರಡು ನಿಮಿಷದಲ್ಲಿ ಉತ್ತರ ಕೊಡಬಹುದೇ? ಕೊಟ್ಟುಬಿಡಿ. ಆಗದಿದ್ದರೆ "ತಲುಪಿದೆ, ಶುಕ್ರವಾರದೊಳಗೆ ಕಳಿಸುತ್ತೇನೆ" ಎಂದು ಒಂದು ಸಾಲು ಬರೆದು ಆ ಶುಕ್ರವಾರವನ್ನೂ ಡೈರಿಗೆ ಹಾಕಿ. ಆಮೇಲೆ ಆರ್ಕೈವ್ ಒತ್ತಿ. ಆರ್ಕೈವ್ ಎಂದರೆ ಅಳಿಸುವುದಲ್ಲ. ಮೇಲು ಇನ್‌ಬಾಕ್ಸಿನಿಂದ ಮರೆಯಾಗುತ್ತದೆ, ಹುಡುಕಿದರೆ ಸಿಗುತ್ತದೆ. ಅಳಿಸಿದ್ದು ಮಾತ್ರ ಜಿಮೇಲಿನ ಕಸದಬುಟ್ಟಿಯಲ್ಲಿ 30 ದಿನ ಇದ್ದು ಶಾಶ್ವತವಾಗಿ ಹೋಗುತ್ತದೆ.

ನ್ಯಾಯಾಲಯದ ವಿಳಾಸಗಳಿಂದ ಬರುವ ಮೇಲಿಗೆ ಫಿಲ್ಟರ್ ಮಾಡಿಡಿ. ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ತೆರೆದು, ಕಳಿಸುವವರ ವಿಳಾಸ ಕೊಟ್ಟು, "ಕೋರ್ಟ್" ಎಂಬ ಲೇಬಲ್ ಹಚ್ಚಲು ಹೇಳಿ, ಸ್ಪ್ಯಾಮಿಗೆ ಎಂದೂ ಕಳಿಸಬೇಡ ಎಂಬ ಆಯ್ಕೆಯನ್ನು ಗುರುತು ಮಾಡಿ. ಸ್ಪ್ಯಾಮಿನಲ್ಲಿ ಬಿದ್ದ ಮೇಲೂ 30 ದಿನಕ್ಕೆ ತಾನಾಗಿ ಅಳಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಅಲ್ಲಿಗೂ ಕಣ್ಣು ಹಾಯಿಸಬೇಕು. ಲೇಬಲ್‌ಗಳನ್ನು ಬಹಳ ಮಾಡಬೇಡಿ. ಪ್ರತಿ ಕಕ್ಷಿದಾರನಿಗೂ ಒಂದೊಂದು ಲೇಬಲ್ ಮಾಡಿದ ಸ್ನೇಹಿತರು ಆರು ತಿಂಗಳಲ್ಲಿ ಕೈಬಿಟ್ಟಿದ್ದನ್ನು ನೋಡಿದ್ದೇನೆ. ನನ್ನಲ್ಲಿರುವುದು ನಾಲ್ಕೇ: ಕೋರ್ಟ್, ಬೆಂಗಳೂರು, ಕಕ್ಷಿದಾರರು, ಲೆಕ್ಕ.

ಮುದ್ದತ್ತು ಬೇರೆ, ಲಿಮಿಟೇಶನ್ ಬೇರೆ

ಈ ಭಾಗವನ್ನು ನಿಧಾನವಾಗಿ ಓದಿ. ವಕೀಲರ ಕೈಯಲ್ಲಿ ಕೇಸು ಹಾಳಾಗುವುದು ಹೆಚ್ಚಾಗಿ ವಾದದಲ್ಲಲ್ಲ, ತಾರೀಖಿನಲ್ಲಿ.

ಮುದ್ದತ್ತು, ಅಂದರೆ ಕೋರ್ಟು ಕೊಟ್ಟ ಮುಂದಿನ ತಾರೀಖು, ತಪ್ಪಿದರೆ ಒಂದು ಅರ್ಜಿ ಹಾಕಿ ಸರಿಪಡಿಸಿಕೊಳ್ಳಲು ದಾರಿ ಇರುತ್ತದೆ. ಲಿಮಿಟೇಶನ್, ಅಂದರೆ ಕಾನೂನು ಕೊಟ್ಟ ಅವಧಿ, ತಪ್ಪಿದರೆ ವಿಳಂಬಕ್ಕೆ ಕಾರಣ ಹೇಳುತ್ತಾ ನಿಲ್ಲಬೇಕು, ಕೆಲವು ಕಡೆ ಅದಕ್ಕೂ ಅವಕಾಶವಿಲ್ಲ. ಆದ್ದರಿಂದ ಕ್ಯಾಲೆಂಡರಿನಲ್ಲಿ ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡಿ. ಗೂಗಲ್ ಕ್ಯಾಲೆಂಡರಿನಲ್ಲಿ ನಾನು ಮುದ್ದತ್ತಿಗೆ ಹಸಿರು, ಅವಧಿಗೆ ಕೆಂಪು ಇಟ್ಟಿದ್ದೇನೆ. ಕೆಂಪಿನದಕ್ಕೆ ಹದಿನೈದು ದಿನ ಮೊದಲು, ಒಂದು ವಾರ ಮೊದಲು, ಎರಡು ದಿನ ಮೊದಲು ಹೀಗೆ ಮೂರು ನೆನಪೋಲೆ. ಜೂನಿಯರ್ ಮತ್ತು ಗುಮಾಸ್ತರ ಫೋನಿಗೂ ಅದೇ ಕ್ಯಾಲೆಂಡರ್ ಹಂಚಿದ್ದೇನೆ. ಮೂವರಲ್ಲಿ ಒಬ್ಬರಾದರೂ ನೋಡುತ್ತಾರೆ.

ಲೆಕ್ಕ ಹಾಕಲು ಎಕ್ಸೆಲ್ ಅಥವಾ ಗೂಗಲ್ ಶೀಟ್ ಸಾಕು. ಒಂದು ಕೇಸಿಗೆ ಒಂದು ಸಾಲು. ಅದರಲ್ಲಿ ಸಿಎನ್ಆರ್ ಸಂಖ್ಯೆ, ನ್ಯಾಯಾಲಯ, ಕೇಸಿನ ಸಂಖ್ಯೆ, ಊರು, ಸರ್ವೆ ನಂಬರ್, ನಮ್ಮ ಕಕ್ಷಿದಾರ, ಎದುರಾಳಿ, ಹಂತ, ಮುಂದಿನ ತಾರೀಖು, ಅವಧಿ ಶುರುವಾದ ದಿನ, ಮುಗಿಯುವ ದಿನ. ಸಿಎನ್ಆರ್ ಎಂಬುದು ಪ್ರತಿ ಕೇಸಿಗೂ ಇರುವ 16 ಅಕ್ಷರ ಅಂಕೆಗಳ ಗುರುತು. ಕೊನೆಯ ನಾಲ್ಕು ಅಂಕೆ ವರ್ಷವನ್ನು ಹೇಳುತ್ತವೆ. ಇದೊಂದು ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಹೆಸರಿನ ಕಾಗುಣಿತಕ್ಕಾಗಿ ಒದ್ದಾಡಬೇಕಿಲ್ಲ. ಆ್ಯಪಿನ ಮೈ ಕೇಸಸ್ ಪಟ್ಟಿಗೆ ಕೇಸುಗಳನ್ನು ಸೇರಿಸಿಟ್ಟುಕೊಂಡಿದ್ದರೆ ಆ ಪಟ್ಟಿ ಇರುವುದು ನಿಮ್ಮ ಫೋನಿನಲ್ಲಿ ಎಂಬುದು ನೆನಪಿರಲಿ. ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಆ ಕಡತವನ್ನು ಚೇಂಬರಿನ ಮೇಲಿಗೆ ಕಳಿಸಿಕೊಳ್ಳಿ.

ಈಗ ದಿನಾಂಕದ ಬಲೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ನೀವು 03-07-2025 ಎಂದು ಹೊಡೆದದ್ದನ್ನು ಎಕ್ಸೆಲ್ ಮಾರ್ಚ್ 7 ಎಂದು ತಿಳಿಯುತ್ತದೆ, ಜುಲೈ 3 ಎಂದಲ್ಲ. 12ರ ಮೇಲಿನ ದಿನಾಂಕವಾದರೆ ಅದನ್ನು ದಿನಾಂಕವೆಂದೇ ಒಪ್ಪದೆ ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಆಮೇಲೆ ಸಾಲುಗಳನ್ನು ತಾರೀಖಿನ ಕ್ರಮಕ್ಕೆ ಜೋಡಿಸಿದರೆ ಎಲ್ಲಾ ಚೆಲ್ಲಾಪಿಲ್ಲಿ. ವಿಂಡೋಸ್‌ನಲ್ಲಿ ಪ್ರದೇಶವನ್ನು ಭಾರತ ಎಂದು ಬದಲಿಸಿ. ಜೊತೆಗೆ ದಿನಾಂಕದ ಕಾಲಮ್ಮಿನಲ್ಲಿ ತಿಂಗಳು ಅಕ್ಷರದಲ್ಲಿ ಕಾಣುವಂತೆ ಫಾರ್ಮ್ಯಾಟ್ ಮಾಡಿ. "03-ಜುಲೈ-2025" ಎಂದು ಕಣ್ಣಿಗೆ ಬಿದ್ದರೆ ತಪ್ಪು ಆಗಲೇ ಸಿಕ್ಕಿಬೀಳುತ್ತದೆ.

ಹೈಕೋರ್ಟಿಗೆ ಹೋಗುವ ಸಿವಿಲ್ ಅಪೀಲಿಗೆ 90 ದಿನ, ಜಿಲ್ಲೆಯೊಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ಡಿಕ್ರಿಯ ದಿನಾಂಕದ ಸೆಲ್ಲಿಗೆ 90 ಕೂಡಿಸುವ ಸೂತ್ರ ಹಾಕಿದರೆ ಸಾಕು; ಮೊದಲ ದಿನವನ್ನು ಬಿಟ್ಟು ಎಣಿಸಬೇಕು ಎಂಬ ಲಿಮಿಟೇಶನ್ ಕಾಯ್ದೆಯ 12ನೇ ಕಲಮಿನ ಮಾತು ಆ ಕೂಡುವಿಕೆಯಲ್ಲೇ ಅಡಗಿದೆ. ದೃಢೀಕೃತ ನಕಲಿಗೆ ಹಿಡಿದ ದಿನಗಳನ್ನು ಅದೇ ಕಲಂ ಬಿಟ್ಟುಕೊಡುತ್ತದೆ. ಆದರೂ ಶೀಟಿನಲ್ಲಿ ಅದನ್ನು ಸೇರಿಸಬೇಡಿ. ಆ ದಿನಗಳು ಕೈಯಲ್ಲಿರುವ ಉಳಿತಾಯ; ಮೊದಲೇ ಖರ್ಚು ಮಾಡಿದರೆ ಕೊನೆಗೆ ಕೈ ಬರಿದು. ಲಿಖಿತ ಹೇಳಿಕೆಗೆ ಸಮನ್ಸ್ ಜಾರಿಯಾದ ದಿನದಿಂದ 30, ಕಾರಣ ತೋರಿಸಿದರೆ 90ರವರೆಗೆ. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಇಡಿ.

ಚೆಕ್ ಬೌನ್ಸ್ ಕೇಸಿನಲ್ಲಿ ಸೂತ್ರ ಬೇರೆ. ಬ್ಯಾಂಕಿನ ಮಾಹಿತಿ ಕೈಸೇರಿದ ದಿನದಿಂದ 30 ದಿನದೊಳಗೆ ನೋಟಿಸು. ಅದು ತಲುಪಿದ ಮೇಲೆ ಹಣ ಕೊಡಲು 15 ದಿನ. ಅದೂ ಕಳೆದರೆ ದೂರು ಕೊಡಲು ಒಂದು ತಿಂಗಳು. ಇಲ್ಲಿ ಒಂದು ತಿಂಗಳು ಎಂದರೆ ಕ್ಯಾಲೆಂಡರ್ ತಿಂಗಳು, 30 ದಿನವಲ್ಲ. ಎಕ್ಸೆಲ್ಲಿನ ಇಡೇಟ್ ಸೂತ್ರ ತಿಂಗಳ ಲೆಕ್ಕದಲ್ಲಿ ಮುಂದೆ ಹೋಗುತ್ತದೆ. ನೋಟಿಸು ತಲುಪಿದ ದಿನ ಶೀಟಿನಲ್ಲಿ ಇರಬೇಕಾದರೆ ಅಂಚೆಯ ಟ್ರ್ಯಾಕಿಂಗ್ ಪುಟವನ್ನು ಅದೇ ವಾರ ಪಿಡಿಎಫ್ ಮಾಡಿ ಫೈಲಿಗೆ ಹಾಕಿಕೊಳ್ಳಿ. ತಿಂಗಳುಗಟ್ಟಲೆ ಬಿಟ್ಟು ಹುಡುಕಿದರೆ ಆ ಪುಟ ಸಿಗುತ್ತದೆ ಎಂದು ನೆಚ್ಚಬೇಡಿ.

ಕಾಗದದ ಡೈರಿಯನ್ನು ಮಾತ್ರ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ನೆಟ್‌ವರ್ಕ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಂಚ್ ಕ್ಲರ್ಕ್ ತಾರೀಖು ಹೇಳಿದ ಕ್ಷಣದಲ್ಲಿ ಪೆನ್ನಿನಷ್ಟು ಬೇಗ ಯಾವ ಆ್ಯಪೂ ತೆರೆಯುವುದಿಲ್ಲ. ಕೋರ್ಟ್ ಹಾಲಿನಲ್ಲಿ ಡೈರಿ, ಸಂಜೆ ಶೀಟು ಮತ್ತು ಕ್ಯಾಲೆಂಡರ್.

ಫೋಲ್ಡರಿಗೆ ಹೆಸರಿಡುವುದು

ನಮ್ಮ ಕಡೆಯ ಪಾಲಿನ ದಾವೆ ಒಂದು ಕೇಸಾಗಿ ಉಳಿಯುವುದಿಲ್ಲ. ಓ.ಎಸ್. (ಮೂಲ ದಾವೆ) ಆಗಿ ಶುರುವಾಗಿ, ಪ್ರಾಥಮಿಕ ಡಿಕ್ರಿಯ ಮೇಲೆ ಅಪೀಲಾಗಿ, ಹೈಕೋರ್ಟಿನಲ್ಲಿ ಎರಡನೇ ಅಪೀಲಾಗಿ, ಮತ್ತೆ ಊರಿಗೆ ಬಂದು ಎಫ್.ಡಿ.ಪಿ. (ಅಂತಿಮ ಡಿಕ್ರಿಯ ನಡಾವಳಿ) ಆಗಿ, ಕೊನೆಗೆ ಎಗ್ಸಿಕ್ಯೂಶನ್ (ಡಿಕ್ರಿ ಜಾರಿ) ಆಗುವಷ್ಟರಲ್ಲಿ ಅಪ್ಪನ ಜಾಗದಲ್ಲಿ ಮಗ ಬಂದು ನಿಂತಿರುತ್ತಾನೆ. ಪ್ರತಿಸಲ ಸಂಖ್ಯೆ ಬೇರೆ, ಕೆಲವೊಮ್ಮೆ ಕಕ್ಷಿದಾರನ ಹೆಸರೂ ಬೇರೆ. ಬದಲಾಗದೆ ಉಳಿಯುವುದು ಊರು ಮತ್ತು ಸರ್ವೆ ನಂಬರು. ಅದಕ್ಕೇ ತಾಯಿ ಫೋಲ್ಡರಿಗೆ ತಾಲ್ಲೂಕು, ಊರು, ಸರ್ವೆ ನಂಬರ್, ಮನೆತನ ಈ ಕ್ರಮದಲ್ಲಿ ಹೆಸರಿಡುತ್ತೇನೆ. ಅದರೊಳಗೆ ಒಂದೊಂದು ಕೇಸಿಗೂ ಒಂದೊಂದು ಮರಿ ಫೋಲ್ಡರ್. ಪೋಡಿಯಾಗಿ, ಅಂದರೆ ಅಳತೆಯಲ್ಲಿ ಜಮೀನು ಭಾಗವಾಗಿ, 45 ಎಂಬುದು 45/1, 45/2 ಆದರೆ ಮೂಲ ಸಂಖ್ಯೆಯಲ್ಲೇ ಇಟ್ಟು ಒಳಗೆ ಒಂದು ಟಿಪ್ಪಣಿ ಹಾಕುತ್ತೇನೆ. ಕಡತದ ಹೆಸರಿನಲ್ಲಿ ಓರೆಗೆರೆ ಹಾಕಲು ವಿಂಡೋಸ್ ಬಿಡುವುದಿಲ್ಲ, ಅದರ ಬದಲು ಅಡ್ಡಗೆರೆ ಹಾಕಿ.

ಕ್ರಿಮಿನಲ್, ಚೆಕ್, ಅಪಘಾತ ಪರಿಹಾರದ ಕೇಸುಗಳಿಗೆ ಇಷ್ಟೆಲ್ಲ ಬೇಡ. ವರ್ಷ, ಕೇಸಿನ ಸಂಖ್ಯೆ, ಕಕ್ಷಿದಾರ ಸಾಕು.

ಒಳಗಿನ ಕಡತಗಳಿಗೆ ದಿನಾಂಕ ಮೊದಲು ಬರಲಿ, ಅದೂ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ. 2025-07-14 ಎಂದು ಶುರುಮಾಡಿದರೆ ಕಂಪ್ಯೂಟರ್ ತಾನೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಆಮೇಲೆ ಅದು ಏನು ಎಂಬುದು: ದಾವಾಪತ್ರ, ಐ.ಎ. (ಮಧ್ಯಂತರ ಅರ್ಜಿ) 3ಕ್ಕೆ ತಕರಾರು, ಪಹಣಿ. "ಫೈನಲ್", "ಫೈನಲ್ ಹೊಸದು" ಎಂಬ ಹೆಸರುಗಳು ಬೇಡ. ಮೂರನೇ ದಿನಕ್ಕೆ ಯಾವುದು ಫೈನಲ್ ಎಂದು ನಿಮಗೇ ಗೊತ್ತಿರುವುದಿಲ್ಲ. ಕೋರ್ಟಿಗೆ ಸಲ್ಲಿಸಿದ ಪ್ರತಿಯನ್ನು ಪಿಡಿಎಫ್ ಮಾಡಿ ಹೆಸರಿನ ಕೊನೆಗೆ "ಸಲ್ಲಿಸಿದ್ದು" ಎಂದು ಸೇರಿಸಿ. ಇ-ಫೈಲಿಂಗಿಗೆ ಏರಿಸುವ ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಯಾವ ಚಿಹ್ನೆಯೂ ಇಲ್ಲದೆ ಚಿಕ್ಕದಾಗಿ ಕೊಡಿ, ತೊಡಕು ಕಡಿಮೆ.

ಕಕ್ಷಿದಾರರು ಕಾಗದ ಕಳಿಸುವುದು ಈಗ ವಾಟ್ಸ್ಆ್ಯಪಿನಲ್ಲಿ. ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗಿ, ಹಳೇ ಪತ್ರದ ಸಣ್ಣ ಅಕ್ಷರ, ಮೊಹರು ಮಸುಕಾಗುತ್ತದೆ. "ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳಿಸಿ" ಎಂದು ಹೇಳಿಕೊಡಿ. ಬಂದ ದಿನವೇ ಫೋಲ್ಡರಿಗೆ ಇಳಿಸಿ. ಇಳಿಸದೆ ಬಿಟ್ಟರೆ ಕೆಲವು ವಾರಗಳ ನಂತರ ತೆರೆಯುವುದಿಲ್ಲ, ಮತ್ತೆ ಕಳಿಸಿ ಎಂದು ಕೇಳಬೇಕಾಗುತ್ತದೆ. ಸೊರಬದ ಹಳ್ಳಿಯಿಂದ ಒಂದು ಕಾಗದಕ್ಕಾಗಿ ಅಜ್ಜ ಬಸ್ಸು ಹತ್ತಿ ಬರುವುದನ್ನು ತಪ್ಪಿಸಬಹುದಾದರೆ ತಪ್ಪಿಸಬೇಕು.

ನುಡಿಯಲ್ಲಿದ್ದ ಹಳೆಯ ಕನ್ನಡ

ನಮ್ಮ ಜಿಲ್ಲೆಯ ಅನೇಕ ಚೇಂಬರುಗಳಲ್ಲಿ ಇಪ್ಪತ್ತು ವರ್ಷದ ಡ್ರಾಫ್ಟುಗಳು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿಗಳ ರಾಶಿ ಕಾಣುತ್ತದೆ. ಏಕೆಂದರೆ ಕಡತದೊಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಫಾಂಟು ಕನ್ನಡದ ರೂಪ ತೊಡಿಸಿರುತ್ತದೆ. ಹಾಗಾಗಿ "ಜಾಗದ ಚಕ್ಕುಬಂದಿ" ಎಂದು ಹುಡುಕಿದರೆ ಕಂಪ್ಯೂಟರಿಗೆ ಏನೂ ಸಿಗುವುದಿಲ್ಲ. ಮೇಲಿನಲ್ಲಿ ಕಳಿಸಿದರೆ ಬೆಂಗಳೂರಿನಲ್ಲಿ ಓದಲು ಬರುವುದಿಲ್ಲ.

ಪರಿಹಾರ ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೇ ಸಂಕೇತ ಇರುವ ಪದ್ಧತಿ. ನಮ್ಮ ಬೆರಳಚ್ಚುಗಾರರು ಹೆದರಿದ್ದು ಕೀಲಿಮಣೆ ಹೊಸದಾಗಿ ಕಲಿಯಬೇಕೇನೋ ಎಂದು. ಬೇಕಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಹೊಡೆಯಬಹುದು. ಇವತ್ತಿನಿಂದ ಹೊಸ ಡ್ರಾಫ್ಟುಗಳೆಲ್ಲ ಯೂನಿಕೋಡಿನಲ್ಲಿ ಎಂದು ತೀರ್ಮಾನಿಸಿ. ಹಳೆಯದನ್ನೆಲ್ಲ ಒಂದೇ ಸಲ ಬದಲಿಸಲು ಕೂರಬೇಡಿ. ಯಾವ ಫೈಲು ಮತ್ತೆ ಕೈಗೆ ಬರುತ್ತದೋ ಅದನ್ನು ಮಾತ್ರ ಪರಿವರ್ತಿಸಿ. ಮೂಲ ಕಡತ ಹಾಗೇ ಇರಲಿ, ಪ್ರತಿಯ ಮೇಲೆ ಕೆಲಸ ಮಾಡಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಆವರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಿ. ನಡುವೆ ಇಂಗ್ಲಿಷಿನಲ್ಲಿದ್ದ ಪದಗಳು ಕನ್ನಡದ ಕಲಸುಮೇಲೋಗರವಾಗಿರುತ್ತವೆ. ಸರ್ವೆ ನಂಬರ್, ಎಕರೆ-ಗುಂಟೆ ಇರುವ ಸಾಲುಗಳನ್ನು ಒಬ್ಬರು ಓದಿ ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಲೇಬೇಕು.

ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಕಳಿಸಿ, ಅದರೊಳಗೆ ಫಾಂಟು ಸೇರಿಕೊಂಡಿರುತ್ತದೆ. ತಿದ್ದಲು ಬೇಕಾದರೆ ಮಾತ್ರ ವರ್ಡ್ ಕಡತ.

ವರ್ಡಿನಲ್ಲಿ ಸಮಯ ಉಳಿಸುವ ಕೆಲವು

ಪ್ರತಿ ದಾವೆಗೂ ಹಳೆಯ ದಾವೆಯ ಕಡತ ತೆರೆದು ಹೆಸರು ಬದಲಿಸುವ ರೂಢಿ ನಮ್ಮಲ್ಲಿದೆ. ಅದರಿಂದ ಹಿಂದಿನ ಕಕ್ಷಿದಾರನ ಹೆಸರು ಪ್ರಾರ್ಥನಾ ಭಾಗದಲ್ಲಿ ಉಳಿದು ಕೋರ್ಟಿಗೆ ಹೋದದ್ದಿದೆ. ಟೆಂಪ್ಲೇಟ್ ಮಾಡಿ. ದಾವಾಪತ್ರ, ಲಿಖಿತ ಹೇಳಿಕೆ, ಐ.ಎ. ಮತ್ತು ಅಫಿಡವಿಟ್, ಮೆಮೊ, ನೋಟಿಸು ಈ ಐದಕ್ಕೆ ಸಾಕು. ಬದಲಾಗಬೇಕಾದ ಜಾಗದಲ್ಲೆಲ್ಲ ಹಳದಿ ಬಣ್ಣ ಹಚ್ಚಿಡಿ. ಕೊನೆಗೆ ಹಳದಿ ಉಳಿದಿದ್ದರೆ ಕೆಲಸ ಮುಗಿದಿಲ್ಲ ಎಂದರ್ಥ. ಸತ್ಯಾಪನೆ, ಪ್ರಮಾಣದ ಸಾಲುಗಳಂಥ ಮತ್ತೆ ಮತ್ತೆ ಬರುವ ಭಾಗಗಳನ್ನು ಕ್ವಿಕ್ ಪಾರ್ಟ್ಸ್‌ನಲ್ಲಿ ಉಳಿಸಿಟ್ಟರೆ ಎರಡು ಒತ್ತಿಗೆ ಬರುತ್ತವೆ.

ಕಂಡಿಕೆಗಳ ಸಂಖ್ಯೆಯನ್ನು ಕೈಯಲ್ಲಿ ಹೊಡೆಯಬೇಡಿ. ತಾನಾಗಿ ಬರುವ ಸಂಖ್ಯೆ ಬಳಸಿ. "7ನೇ ಕಂಡಿಕೆಯಲ್ಲಿ ಹೇಳಿದಂತೆ" ಎಂಬಲ್ಲಿ ಕ್ರಾಸ್ ರೆಫರೆನ್ಸ್ ಹಾಕಿದರೆ, ನಡುವೆ ಹೊಸ ಕಂಡಿಕೆ ಸೇರಿಸಿದ ಮೇಲೆ ಎಲ್ಲವನ್ನೂ ಆರಿಸಿ ಎಫ್9 ಒತ್ತಿದರೆ ಅದೂ ಸರಿಹೋಗುತ್ತದೆ.

ಸೀನಿಯರ್ ತಿದ್ದುವಾಗ ಟ್ರ್ಯಾಕ್ ಚೇಂಜಸ್ ಇರಲಿ. ಮುಗಿದ ಮೇಲೆ ಎಲ್ಲವನ್ನೂ ಒಪ್ಪಿಸಿ, ಟಿಪ್ಪಣಿಗಳನ್ನು ತೆಗೆದು, ಡಾಕ್ಯುಮೆಂಟ್ ಇನ್‌ಸ್ಪೆಕ್ಟರ್ ಓಡಿಸಿ. "ಈ ಪಾಯಿಂಟು ನಮಗೆ ದುರ್ಬಲ" ಎಂದು ಬದಿಯಲ್ಲಿ ಬರೆದದ್ದು ಎದುರಾಳಿಯ ಕೈ ಸೇರಬಾರದು. ಹೆಸರು ಮುಚ್ಚಬೇಕಾದರೆ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು; ಪಟ್ಟಿಯ ಕೆಳಗಿನ ಅಕ್ಷರ ನಕಲು ಮಾಡಿದರೆ ಸಿಗುತ್ತದೆ. ಅಕ್ಷರವನ್ನೇ ತೆಗೆದು, ಮುದ್ರಿಸಿ, ಸ್ಕ್ಯಾನ್ ಮಾಡಿ. ಆಧಾರ್ ಪ್ರತಿ ಬೇಕಾದಲ್ಲಿ ಮೊದಲ ಎಂಟು ಅಂಕೆ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕೇ ಎಂದು ಮೊದಲು ಕೇಳಿ.

ಹೈಕೋರ್ಟಿನ ಪ್ರಧಾನ ಪೀಠದ ವ್ಯಾಪ್ತಿಗೆ ನಮ್ಮ ಜಿಲ್ಲೆ ಸೇರುವುದರಿಂದ ಕನ್ನಡದ ದಾಖಲೆಗಳ ಇಂಗ್ಲಿಷ್ ಅನುವಾದ ಬೆಂಗಳೂರಿಗೆ ಹೋಗಬೇಕು. ಇದಕ್ಕೆ ಎರಡು ಕಾಲಮ್ಮಿನ ಕೋಷ್ಟಕ ಒಳ್ಳೆಯದು: ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಒಂದು ಸಾಲಿಗೆ ಒಂದು ವಾಕ್ಯ. ಬಿಟ್ಟುಹೋದದ್ದು ತಕ್ಷಣ ಕಾಣುತ್ತದೆ. ಯಂತ್ರಾನುವಾದವನ್ನು ನೆಚ್ಚಬೇಡಿ. ಕಾನು, ಸೊಪ್ಪಿನಬೆಟ್ಟ, ಖರಾಬು, ಬಗರ್‌ಹುಕುಂ ಎಂಬ ಮಾತುಗಳಲ್ಲಿ ಮಲೆನಾಡಿನ ಭೂಮಿಯ ಚರಿತ್ರೆಯೇ ಇದೆ, ಕೇಸಿನ ಜೀವವೂ ಅಲ್ಲೇ ಇರುತ್ತದೆ. ಆ ಪದಗಳಿಗೆ ಚೇಂಬರಿನದೇ ಒಂದು ಪಟ್ಟಿ ಮಾಡಿ, ಎಲ್ಲ ಅನುವಾದದಲ್ಲೂ ಒಂದೇ ರೂಪ ಬಳಸಿ. ಕಕ್ಷಿದಾರರ ಕಾಗದವನ್ನು ಸಿಕ್ಕ ಸಿಕ್ಕ ಉಚಿತ ಜಾಲತಾಣಕ್ಕೆ ಏರಿಸುವುದಂತೂ ಬೇಡ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ನಮ್ಮ ಮೇಲಿಟ್ಟಿರುವ ಗೋಪ್ಯತೆಯ ಹೊಣೆ ಕಂಪ್ಯೂಟರಿನ ಮುಂದೆ ಕೂತಾಗಲೂ ಇದೆ.

ಕಳಿಸುವ ಮುನ್ನ

ವಿಷಯದ ಸಾಲಿನಲ್ಲಿ ಕೇಸಿನ ಸಂಖ್ಯೆ, ನ್ಯಾಯಾಲಯ, ಮುಂದಿನ ತಾರೀಖು ಬರೆಯಿರಿ. "ಅರ್ಜೆಂಟ್" ಎಂದಷ್ಟೇ ಬರೆದ ಮೇಲನ್ನು ಎರಡು ವರ್ಷದ ನಂತರ ಯಾರೂ ಹುಡುಕಲಾರರು.

ವಿಳಾಸವನ್ನು ಕೊನೆಗೆ ಹಾಕಿ. ಒಮ್ಮೆ ನಾನು ರಾಜಿಯ ಕರಡನ್ನು ಕಕ್ಷಿದಾರನಿಗೆ ಕಳಿಸಲು ಹೊರಟು, ಮೊದಲ ಮೂರು ಅಕ್ಷರ ಹೊಡೆದಾಗ ತಾನಾಗಿ ಬಂದ ಹೆಸರನ್ನು ಒತ್ತಿ, ಎದುರು ಪಕ್ಷದ ವಕೀಲರಿಗೆ ಕಳಿಸಿಬಿಟ್ಟಿದ್ದೆ. ಅವರು ದೊಡ್ಡ ಮನಸ್ಸಿನವರು, ಫೋನ್ ಮಾಡಿ ತಿಳಿಸಿ ಓದದೆ ಅಳಿಸಿದರು. ಅವತ್ತೇ ಜಿಮೇಲಿನ ಸೆಟ್ಟಿಂಗ್ಸಿನಲ್ಲಿ ಅನ್‌ಡು ಸೆಂಡ್ ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿದೆ. ಬರೆದು, ಲಗತ್ತು ಹಾಕಿ, ಲಗತ್ತನ್ನು ತೆರೆದು ನೋಡಿ, ಆಮೇಲೆ ವಿಳಾಸ. ಲಗತ್ತು 25 ಎಂಬಿಗಿಂತ ಹೆಚ್ಚಾದರೆ ಜಿಮೇಲ್ ಅದನ್ನು ಡ್ರೈವ್ ಕೊಂಡಿ ಮಾಡುತ್ತದೆ. ಆಗ ಅದನ್ನು ಯಾರು ತೆರೆಯಬಹುದು ಎಂಬ ಅನುಮತಿಯಲ್ಲಿ ಆ ಒಬ್ಬರ ಹೆಸರು ಮಾತ್ರ ಇರಲಿ.

ಹಳೆಯದನ್ನು ಹುಡುಕುವಾಗ ನಮ್ಮೂರಿನ ಒಂದು ವಿಶೇಷ ನೆನಪಿರಲಿ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಶಿಮೊಗ ಇದ್ದದ್ದು ಶಿವಮೊಗ್ಗ ಆಯಿತು. ಜಿಮೇಲ್ ಪೂರ್ತಿ ಪದವನ್ನೇ ಹೊಂದಿಸಿ ನೋಡುವುದರಿಂದ ಒಂದು ಕಾಗುಣಿತದಲ್ಲಿ ಹುಡುಕಿದರೆ ಇನ್ನೊಂದರದ್ದು ಸಿಗುವುದಿಲ್ಲ. ಎರಡನ್ನೂ ಬರೆದು ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ OR ಎಂಬ ಪದ ಹಾಕಿ. ಸಾಗರ, ತೀರ್ಥಹಳ್ಳಿಗೂ ಇದೇ ಪಾಡು. ಲಗತ್ತು ಇರುವ ಮೇಲು ಮಾತ್ರ ಬೇಕಾದರೆ ಹ್ಯಾಸ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಚಿಹ್ನೆ ಇಟ್ಟು, ಜಾಗ ಬಿಡದೆ ಅಟ್ಯಾಚ್‌ಮೆಂಟ್ ಎಂದು ಬರೆಯಿರಿ. ದೊಡ್ಡ ಮೇಲುಗಳನ್ನು ಹುಡುಕಲು ಲಾರ್ಜರ್, ಕೋಲನ್, 10ಎಂ. ಉಚಿತ ಖಾತೆಯ 15 ಜಿಬಿ ತುಂಬಿದರೆ ಹೊಸ ಮೇಲು ಬರುವುದೇ ನಿಲ್ಲುತ್ತದೆ. ಬೇಸಿಗೆ ರಜೆಯಲ್ಲಿ ಜಾಗ ಖಾಲಿ ಮಾಡಲು ಈ ಹುಡುಕಾಟ ಸಾಕು.

ಮೇಲೇ ಸಾಕ್ಷ್ಯವಾಗುವ ಕೇಸುಗಳಲ್ಲಿ, ಅಂದರೆ ವ್ಯಾಪಾರಿಯ ಒಪ್ಪಿಗೆ, ಬ್ಯಾಂಕಿನ ಪತ್ರದಂಥವು, ಕಕ್ಷಿದಾರನು ಫಾರ್ವರ್ಡ್ ಮಾಡಿದ್ದು ಮೂಲವಲ್ಲ. ಅವನ ಖಾತೆಯಲ್ಲಿರುವುದೇ ಮೂಲ. ಅಳಿಸಬೇಡ, ಫೋನ್ ಬದಲಿಸುವ ಮೊದಲು ತಿಳಿಸು ಎಂದು ಮೊದಲ ದಿನವೇ ಹೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎ ಭಾಗವನ್ನು ಪಕ್ಷಕಾರ, ಬಿ ಭಾಗವನ್ನು ತಜ್ಞ ತುಂಬಬೇಕು; ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕೊನೆಯ ದಿನಕ್ಕೆ ತಜ್ಞರನ್ನು ಹುಡುಕಿಕೊಂಡು ಹೋಗುವಂತಾಗಬಾರದು.

ಮಳೆ, ಸಿಡಿಲು, ಬೂಷ್ಟು

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ರೌಟರ್ ಮತ್ತು ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದಲೇ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಮಳೆಗಾಲಕ್ಕೆ ಯುಪಿಎಸ್ ಬ್ಯಾಟರಿಯನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ. ವರ್ಡ್ ತಾನಾಗಿ ಉಳಿಸಿಕೊಳ್ಳುವ ಅವಧಿ 10 ನಿಮಿಷ ಇರುತ್ತದೆ, ಅದನ್ನು 2ಕ್ಕೆ ಇಳಿಸಿ. ಕ್ರೋಮಿನಲ್ಲಿ ಜಿಮೇಲಿನ ಆಫ್‌ಲೈನ್ ಸೌಲಭ್ಯ ತೆರೆದಿಟ್ಟರೆ ಕಳೆದ 90 ದಿನಗಳ ಮೇಲುಗಳನ್ನು ನೆಟ್ ಇಲ್ಲದಾಗಲೂ ಓದಬಹುದು. ಆಗ ಬರೆದ ಉತ್ತರ ಸಂಪರ್ಕ ಬಂದಾಗ ಹೋಗುತ್ತದೆ.

ಕಡತಗಳ ಮೂರು ಪ್ರತಿ ಇರಲಿ: ಚೇಂಬರಿನ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವಿನಲ್ಲಿ ಒಂದು. ಹಾರ್ಡ್ ಡಿಸ್ಕ್ ಮನೆಯಲ್ಲಿರಲಿ, ಚೇಂಬರಿನಲ್ಲಿ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ನಮ್ಮ ಜುಲೈಯ ತೇವಕ್ಕೆ ಕಾಗದದ ಕಟ್ಟಿಗೆ ಬೂಷ್ಟು ಹಿಡಿಯುವಂತೆ ಯಂತ್ರಕ್ಕೂ ಹಾನಿಯಾಗುತ್ತದೆ. ಡಿಸ್ಕಿಗೆ ಗುಪ್ತಪದ ಹಾಕಿ ಎನ್‌ಕ್ರಿಪ್ಟ್ ಮಾಡಿ. ಮೂರು ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ಒಂದು ಕೇಸಿನ ಫೋಲ್ಡರ್ ತೆಗೆದು ತೆರೆದು ನೋಡಿ.

ಶುರುಮಾಡುವವರು ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಈ ಶನಿವಾರ ಸಂಜೆ ಇನ್‌ಬಾಕ್ಸ್ ತೆರೆದು ಕಳೆದ ಮೂರು ತಿಂಗಳ ಮೇಲುಗಳಲ್ಲಿರುವ ತಾರೀಖುಗಳನ್ನು ಮಾತ್ರ ಡೈರಿಗೆ ಬರೆದುಕೊಳ್ಳಿ. ನನ್ನ ಜೂನಿಯರ್ ಹೀಗೆ ಮೊದಲ ಸಲ ಕೂತಾಗ ನಾವಿಬ್ಬರೂ ಮರೆತಿದ್ದ ಎರಡು ತಾರೀಖು ಸಿಕ್ಕವು. ಒಂದಕ್ಕೆ ಇನ್ನೂ ಹದಿನೆಂಟು ದಿನ ಉಳಿದಿತ್ತು.